ಕಡ ಕೊಟ್ಟ ಒಂದು

ಇದನ್ನು ನನಗೆ ಹೇಳಿದವಳು ಎತೆರಿ,
ಕುತಾಯಿಸಿಯಲ್ಲಿ ಹಲ್ಲಿನ ಡಾಕ್ಟರು.
ಬಾಯಿ ತೆರೆದೇ ಇತ್ತು ನನ್ನದು,
ನಡುವೆ ಪ್ರಶ್ನೆ ಕೇಳುವ ಹಾಗಿರಲಿಲ್ಲ.

ಕರೆಂಟಿಲ್ಲದ ಚಳಿಗಾಲಗಳು ಅವು.
ಲಾರಿ ಕಾರ್ಖಾನೆಯ ಲೆಕ್ಕದ ಕೋಣೆಗೆ ಬೀಗ ಬಿದ್ದ ದಿನ
ಲಮಾರಾ ಮನೆಗೆ ಹೊತ್ತು ತಂದದ್ದು
ಬರೆಯದ ಹಾಜರಿ ಪುಸ್ತಕ ನಲವತ್ತು,
ಸೀಮೆಎಣ್ಣೆ ಅರ್ಧ ಡಬ್ಬ,
ಮತ್ತು ಒಂದು ಸಂಖ್ಯೆ:

11111111111111111

ನಮ್ಮ ೧ ಬಳುಕಿ ನಿಲ್ಲುತ್ತದೆ, ಕಿವಿಯ ಹಾಗೆ.
ಅವರದು ಗೂಟ.
ಹದಿನೇಳು ಗೂಟ, ಸಂದಿಲ್ಲದ ಬೇಲಿ;
ಅಥವಾ ನಸುಕಿಗೆ ರೊಟ್ಟಿ ಅಂಗಡಿಯ ಮುಂದೆ
ಹದಿನೇಳು ಕೋಟು, ಯಾರದೂ ಮುಖ ಕಾಣದೆ.

ಆರೇ ಗೂಟವಿದ್ದರೆ ಎಷ್ಟು ಸಲೀಸು!
ಮೂರು, ಏಳು, ಹನ್ನೊಂದು, ಹದಿಮೂರು, ಮೂವತ್ತೇಳು:
ಒಣ ಸೌದೆ, ಮುಟ್ಟಿದರೆ ಸೀಳು.
ಹದಿನೇಳು ಹಾಗಲ್ಲ.
ಬಾಗಿಲಿದೆಯೋ ಇಲ್ಲವೋ ತಿಳಿಯದು,
ಇದ್ದರೆ ಅದರ ಅಳತೆ ಮಾತ್ರ ಗೊತ್ತು,
ಮೂವತ್ತನಾಲ್ಕರ ಮಗ್ಗಿಗೆ ಒಂದು ಕೂಡಿಸಿದಷ್ಟು.
ಮೊದಲು ನೂರ ಮೂರು. ಆಮೇಲೆ ನೂರ ಮೂವತ್ತೇಳು.
ಇನ್ನೂರ ಮೂವತ್ತೊಂಬತ್ತು.
ಪ್ರತಿ ಭಾಗಾಕಾರದ ಕೆಳಗೂ ಅವಳು ಬರೆದಳು: ಅರಾ.
ಅರಾ ಎಂದರೆ ಅವರ ಮಾತಿನಲ್ಲಿ ಇಲ್ಲ,
ನಮ್ಮಲ್ಲಿ ಅರ ಎಂದರೆ ಕಬ್ಬಿಣ ತೇಯುವುದು.
ಎರಡೂ ನಿಜ.

'ಒಡೆದರೆ ಹಿಟ್ಟು ಬರುತ್ತದೆಯೇನೇ?' ಕೇಳಿದಳು ಪಕ್ಕದ ಮನೆಯ ತ್ಸಿಯಾಲಾ.
'ನಿದ್ದೆ ಬರುತ್ತದೆ' ಅಂದಳು ಲಮಾರಾ.

ಆಮೇಲೆ ಯುದ್ಧ. ಸುಖುಮಿಯಿಂದ ಜನ
ಹಿಮದ ಕಣಿವೆ ದಾಟಿ ನಡೆದು ಬಂದರು.
ಹನ್ನೊಂದರ ಎತೆರಿಗೂ ಅವಳ ಅಜ್ಜಿಗೂ ಸಿಕ್ಕದ್ದು
ಹಾಜರಿ ಪುಸ್ತಕಗಳಿದ್ದ ಕೋಣೆ.
ಶಾಲೆಯಿಲ್ಲ. ಹುಡುಗಿ ಮಾತಾಡುವುದಿಲ್ಲ.
'ತಪ್ಪು ಹುಡುಕು' ಅಂದಳು ಲಮಾರಾ ಒಂದು ದಿನ,
'ತಪ್ಪಿಗೊಂದು ಅಕ್ರೋಟು.'

ಲಮಾರಾಗೆ ಆಗ ಅರವತ್ತೆಂಟು.
ಮೂವತ್ತನಾಲ್ಕರ ಮಗ್ಗಿಯಲ್ಲಿ ಎಪ್ಪತ್ತು ಸಾವಿರ ದಾಟಿದ್ದಳು.
ಹತ್ತು ಸಾವಿರಕ್ಕೂ ಮಿಕ್ಕಿದ ಅರಾ.
ಬಾಗಿಲೇ ಇಲ್ಲವೆಂದು ಆಣೆ ಹಾಕಬೇಕಾದರೆ
ಹತ್ತು ಕೋಟಿಯ ಆಚೆಗೂ ಹೋಗಬೇಕು.
ಅಷ್ಟು ಸೀಮೆಎಣ್ಣೆ ಇರಲಿಲ್ಲ ಯಾರ ಆಯುಷ್ಯದಲ್ಲೂ.

ಹುಡುಗಿ ಎಳೆದದ್ದು ನಡುವಿನ ಒಂದು ಪುಸ್ತಕ,
ಅದರ ರಟ್ಟು ಕೆಂಪಗಿದ್ದುದಕ್ಕೆ.
ಮೂರು ಸಂಜೆಯಲ್ಲಿ ನಾಲ್ಕು ಅಕ್ರೋಟು.
ಐದನೆಯದು 2071723ರ ಪುಟದಲ್ಲಿ,
ಮೂರನೆಯ ಕಳೆಯುವಿಕೆಯಲ್ಲಿ:
ಒಂಬತ್ತು ತನ್ನ ಬಲಗಡೆಯ ಎರಡಕ್ಕೆ
ಒಂದು ಕಡ ಕೊಟ್ಟಿತ್ತು.
ಬರೆಯುವ ಕೈ ಅದನ್ನು ಮರೆತಿತ್ತು.
ಐದಿರಬೇಕಾದಲ್ಲಿ ಆರು.

ಪುಟದ ಮೂಲೆಯಲ್ಲಿ ಮೇಣದ ಕಲೆ.
ಯಾವ ರಾತ್ರಿ ಅದು, ಯಾರು ಕದ ತಟ್ಟಿದ್ದರು,
ಲಮಾರಾಗೆ ನೆನಪಾಗಲಿಲ್ಲ.

ಹುಡುಗಿ ತಿದ್ದಿ ಇಳಿದಳು.
ಮೂರು, ಎರಡು, ಎರಡು, ಎರಡು, ಮೂರು, ಐದು.
ಕೊನೆಗೆ ಏಳು.
ಏಳರಿಂದ ಗುಣಿಸಿ ಕೆಳಗಿಟ್ಟಳು.
ಮೇಲಿನದೂ ಕೆಳಗಿನದೂ ಒಂದೇ.
ಕಳೆಯಲು ಏನೂ ಇರಲಿಲ್ಲ.

'ತಪ್ಪು' ಅಂದಳು, ಮೆಲ್ಲಗೆ, ಕೈ ಚಾಚಿ.
ಆ ಮನೆಯಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು.

ಲಮಾರಾ ಬುಟ್ಟಿಯನ್ನೇ ಅವಳ ಮುಂದೆ ಸುರಿದಳಂತೆ.
ಆಮೇಲೆ ಕನ್ನಡಕ ಒರೆಸಿ, ಭಾಗಲಬ್ಧದ ಕೆಳಗೆ ಗೆರೆ ಎಳೆದಳು:
5363222357.
'ಇದನ್ನೂ ಒಡೆಯಬೇಕಾ?' ಕೇಳಿದಳು ಹುಡುಗಿ.
'ಬೇಡ. ಇದರೊಳಗೆ ಬಾಗಿಲಿದ್ದರೆ
ಎಂದೋ ನಾನು ತಟ್ಟಿದ ಬಾಗಿಲೇ ಆಗಿರಬೇಕು.
ಬರೆದ ಅಷ್ಟೂ ಅರಾಗಳು ಈಗ ಇದಕ್ಕೆ ಸಾಕ್ಷಿ.'

'ಬೇರೆಲ್ಲೂ ಮರೆತಿಲ್ಲದಿದ್ದರೆ'
ಅಂದಳಂತೆ ಎತೆರಿ, ಅಕ್ರೋಟು ಅಗಿಯುತ್ತ,
ಮೊದಲ ಪುಸ್ತಕ ಎಲ್ಲಿದೆ ಎಂದು ಕಪಾಟಿನ ಕಡೆ ನೋಡುತ್ತ.

ಉಗುಳಿ, ಅಂದಳು ನನಗೆ.
ಉಗುಳಿದೆ. ದೀಪ ಆರಿಸಿದಳು.